ಮಳೆಗಾಲ ದಾಟುವ ಸೊಪ್ಪಿನುಪ್ಪು

ಕರಿಬೇವು, ದೊಡ್ಡಪತ್ರೆ, ಕಾಳುಮೆಣಸು ಮತ್ತು ಜೀರಿಗೆಯನ್ನು ಹರಳುಪ್ಪಿನೊಂದಿಗೆ ಕೂಡಿಸಿ ಮಾಡುವ ಪುಡಿಗೆ ನಮ್ಮ ಮನೆಯಲ್ಲಿ ಸೊಪ್ಪಿನುಪ್ಪು ಎಂದು ಹೆಸರು. ಮಜ್ಜಿಗೆ, ಕುಚ್ಚಲಕ್ಕಿ ಗಂಜಿ, ಹೆಚ್ಚಿದ ಸೌತೆಕಾಯಿ ಇವುಗಳಿಗೆ ಇದರ ಒಂದು ಚಿಟಿಕೆ ಸಾಕಾಗುತ್ತದೆ. ಮಾಡುವುದು ಕಷ್ಟವಲ್ಲ, ಆದರೆ ಕುಮಟಾ, ಅಂಕೋಲಾ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಅದನ್ನು ಆಷಾಢದವರೆಗೆ ಉದುರುದುರಾಗಿ ಉಳಿಸಿಕೊಳ್ಳುವುದು ಕಷ್ಟ. ನಾನು ಮೊದಲ ಸಲ ಮಾಡಿದ್ದು ಜೂನ್ ಕಳೆಯುವುದರೊಳಗೆ ಭರಣಿಯಲ್ಲಿ ಗಟ್ಟಿಯಾಗಿ ಕೂತು, ಚಮಚದ ಹಿಡಿಯಿಂದ ಕೆತ್ತಿ ತೆಗೆಯಬೇಕಾಯಿತು. ಆದ್ದರಿಂದ ಮುಂದೆ ಹೇಳುವುದರಲ್ಲಿ ರುಚಿಯ ಮಾತಿಗಿಂತ ತೇವದ ಮಾತೇ ಹೆಚ್ಚು.

ಮೊದಲು ಉಪ್ಪನ್ನು ನೋಡಿಕೊಳ್ಳಬೇಕು. ಗೋಕರ್ಣದ ಸಮೀಪ, ಅಘನಾಶಿನಿಯ ಅಳಿವೆಯಲ್ಲಿರುವ ಸಾಣಿಕಟ್ಟಾದ ಆಗರಗಳಲ್ಲಿ (ಸಮುದ್ರದ ನೀರು ನಿಲ್ಲಿಸಿ ಉಪ್ಪು ಬೆಳೆಯುವ ಗದ್ದೆಗಳಲ್ಲಿ) ಬಿಸಿಲಿನಲ್ಲೇ ಬೆಳೆಯುವ ಹರಳುಪ್ಪು ಈ ಕೆಲಸಕ್ಕೆ ನನಗೆ ಇಷ್ಟವಾದದ್ದು. ಮಣ್ಣಿನ ತಳದ ಆಗರವಾದ್ದರಿಂದ ಅದಕ್ಕೆ ತುಸು ಕಂದು ಛಾಯೆ ಇರುತ್ತದೆ, ಜೊತೆಗೆ ಒಂದಿಷ್ಟು ಹೂಳೂ ಬರುತ್ತದೆ. ಶುದ್ಧೀಕರಿಸದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಗಾಳಿಯ ತೇವವನ್ನು ಮೊದಲು ಎಳೆದುಕೊಳ್ಳುವುದು ಅದೇ. ಅಪ್ಪಟ ಸೋಡಿಯಂ ಕ್ಲೋರೈಡ್ ಕೂಡ ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ನೀರು ಹೀರಿ ಕರಗತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಆರ್ದ್ರತೆ ಅದಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ.

ಹಾಗಾಗಿ ಉಪ್ಪನ್ನು ತೊಳೆಯಬೇಕು, ಆದರೆ ಬರೀ ನೀರಿನಲ್ಲಲ್ಲ. ಅರ್ಧ ಲೀಟರ್ ನೀರಿನಲ್ಲಿ ಸುಮಾರು 180 ಗ್ರಾಂ ಉಪ್ಪು ಕರಗುತ್ತದೆ. 200 ಗ್ರಾಂ ಹಾಕಿ ಕಲಕಿದರೆ ತಳದಲ್ಲಿ ಒಂದಿಷ್ಟು ಹಾಗೇ ಉಳಿಯುತ್ತದೆ, ನೀರು ಇನ್ನು ಹೆಚ್ಚು ಉಪ್ಪನ್ನು ಕರಗಿಸಿಕೊಳ್ಳಲಾರದು. ಈ ನೀರನ್ನು ಪಂಜೆಯ ಬಟ್ಟೆಯಲ್ಲಿ ಸೋಸಿ, ಅದರಲ್ಲಿ 300 ಗ್ರಾಂ ಹರಳುಪ್ಪನ್ನು ಜಾಲಾಡಿಸಿ ತೆಗೆದರೆ, ಹರಳು ಕರಗದೆ ಹೂಳೂ ಮೆಗ್ನೀಸಿಯಂನ ದೊಡ್ಡ ಪಾಲೂ ನೀರಿಗೆ ಹೋಗುತ್ತವೆ. ನೀರು ಚೆನ್ನಾಗಿ ಬಸಿದ ಮೇಲೆ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕಬ್ಬಿಣದ ಬಾಣಲೆ ಬೇಡ, ತುಕ್ಕು ಹಿಡಿಯುತ್ತದೆ. ಹರಳಿನೊಳಗೆ ಸಿಕ್ಕಿಕೊಂಡ ನೀರು ಕಾದು ಚಟಚಟ ಸಿಡಿಯುವುದರಿಂದ ಮೇಲೆ ತಟ್ಟೆ ಮುಚ್ಚಿಟ್ಟು, ಆಗಾಗ ಕೈಯಾಡಿಸಿ, ಸಿಡಿಯುವ ಸದ್ದು ಪೂರ್ತಿ ನಿಂತ ಮೇಲೆ ಇಳಿಸಬೇಕು. ಇದರಲ್ಲಿ 250 ಗ್ರಾಂ ಅಳೆದುಕೊಳ್ಳಿ.

ಸೊಪ್ಪುಗಳಲ್ಲಿ ಎರಡು ಬಗೆ, ಎರಡಕ್ಕೂ ಒಂದೇ ಕ್ರಮ ಹೊಂದುವುದಿಲ್ಲ. ಕರಿಬೇವಿನಂಥ ತೆಳು ಎಲೆಯನ್ನು (ಕಡ್ಡಿ ಬಿಡಿಸಿ 60 ಗ್ರಾಂ) ತೊಳೆದು, ಬಟ್ಟೆಯಲ್ಲಿ ಒರೆಸಿ, ಗೆರಸೆಯ ಮೇಲೆ ಹರಡಿ ಮೂರ್ನಾಲ್ಕು ದಿನ ನೆರಳಿನಲ್ಲಿ ಒಣಗಿಸಿದರೆ ಸಾಕು. ಬಿಸಿಲಿಗಿಟ್ಟರೆ ಬಣ್ಣವೂ ಪರಿಮಳವೂ ಹೋಗುತ್ತವೆ. ದೊಡ್ಡಪತ್ರೆ ಹಾಗಲ್ಲ. ಅದರ ದಪ್ಪ ಎಲೆಯಲ್ಲಿ ಬಹುಪಾಲು ನೀರೇ ಇರುವುದರಿಂದ ಹಾಗೇ ಹರಡಿಟ್ಟರೆ ಒಣಗುವ ಮೊದಲು ಕೊಳೆಯುತ್ತದೆ. 50 ಗ್ರಾಂ ಎಲೆಯನ್ನು ಅಳೆದಿಟ್ಟ ಉಪ್ಪಿನಲ್ಲಿ 100 ಗ್ರಾಂ ಸೇರಿಸಿ ಒರಳಿನಲ್ಲಿ ಜಜ್ಜಿರಿ. ಉಪ್ಪು ಎಲೆಯ ನೀರನ್ನು ಹೊರಗೆಳೆದು ಎಲ್ಲವೂ ಹಸಿರು ಮುದ್ದೆಯಾಗುತ್ತದೆ. ಅದನ್ನು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಬಳಿದು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ, ಕೆರೆದು ತೆಗೆದು, ಕೊನೆಗೆ ಬೆಚ್ಚಗಿನ ಪಾತ್ರೆಯಲ್ಲಿ ಐದು ನಿಮಿಷ ಆಡಿಸಬೇಕು. ಬಣ್ಣ ಕಂದಿದರೂ ಚಿಂತೆಯಿಲ್ಲ, ಘಮ ಉಪ್ಪಿನಲ್ಲಿ ನಿಲ್ಲುತ್ತದೆ. ಈ ಎಲೆಯಲ್ಲಿಯೂ ಓಮದಲ್ಲಿಯೂ ಥೈಮಾಲ್ ಎಂಬ ಒಂದೇ ಸತ್ವವಿರುವುದರಿಂದ ಎರಡರ ವಾಸನೆ ಹತ್ತಿರ. ಆದ್ದರಿಂದ ದೊಡ್ಡಪತ್ರೆ ಹಾಕಿದ ಮೇಲೆ ಮತ್ತೆ ಓಮ ಬೇಡ.

ಕಾಳುಮೆಣಸು, ಜೀರಿಗೆ ತಲಾ 10 ಗ್ರಾಂ, ಒಣಗಿದ ಸೂಜಿಮೆಣಸು ಎಂಟು ಹತ್ತು. ಇವನ್ನು ಬೇರೆ ಬೇರೆಯಾಗಿ ಬೆಚ್ಚಗೆ ಹುರಿದು ಪೂರ್ತಿ ಆರಿಸಬೇಕು. ಮೀನಿಗೆ ಸವರುವುದಕ್ಕೆಂದೇ ಮಾಡುವವರು ಸೂಜಿಮೆಣಸನ್ನು ಅರ್ಧಕ್ಕಿಳಿಸಿ, ಕೊಂಕಣಿಯವರು ಬಂಗಡೆಯ ಸಾರಿಗೆ ಹಾಕುವ ತೆಪ್ಪಲದ (ನಾಲಿಗೆ ಜುಮ್ಮೆನಿಸುವ ಒಣಗಿದ ಸಣ್ಣ ಕಾಯಿ) ನಾಲ್ಕೈದು ಸಿಪ್ಪೆಗಳನ್ನು ಸೇರಿಸಬಹುದು. ಒಳಗಿನ ಕಪ್ಪು ಬೀಜವನ್ನು ಮಾತ್ರ ತೆಗೆದುಹಾಕಬೇಕು. ಹುಳಿಗಾಗಿ ಮುರುಗಲು (ಕೋಕಂ) ಸಿಪ್ಪೆ ಹಾಕುವ ಆಸೆ ನಮ್ಮ ಕಡೆಯವರಿಗೆ ಬಂದೇ ಬರುತ್ತದೆ. ಅದು ಎಷ್ಟು ಒಣಗಿಸಿದರೂ ಮೆತ್ತಗೇ ಉಳಿದು ಇಡೀ ಪುಡಿಯನ್ನು ಅಂಟಿಸುವುದರಿಂದ ನಾನು ಕೈಬಿಟ್ಟಿದ್ದೇನೆ. ಹಸಿ ಬೆಳ್ಳುಳ್ಳಿಯೂ ಬೇಡ.

ಮೊದಲು ಹುರಿದ ಮಸಾಲೆ ಸಾಮಗ್ರಿ ಮತ್ತು ಒಣಗಿದ ಕರಿಬೇವನ್ನು ಮಿಕ್ಸರಿನಲ್ಲಿ ತರಿಯಾಗಿ ತಿರುಗಿಸಿ, ಆಮೇಲೆ ದೊಡ್ಡಪತ್ರೆಯ ಉಪ್ಪನ್ನೂ ಉಳಿದ 150 ಗ್ರಾಂ ಉಪ್ಪನ್ನೂ ಹಾಕಿ ಎರಡು ಮೂರು ಸುತ್ತು ಮಾತ್ರ ತಿರುಗಿಸಬೇಕು. ನುಣ್ಣಗಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಚಮಚ ಪುಡಿಯನ್ನು ಒಣ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಅರ್ಧ ತಾಸು ಬಿಸಿಲಿಗಿಡಿ. ಗಾಜಿನ ಒಳಮೈಯಲ್ಲಿ ಮಂಜು ಕೂತರೆ ಎಲ್ಲವನ್ನೂ ಮತ್ತೊಮ್ಮೆ ಬೆಚ್ಚಗೆ ಮಾಡಬೇಕು. ಮಾರ್ಚ್‌ನಿಂದ ಮೇ ನಡುವೆ ಮಾಡಿದರೆ ಈ ತೊಂದರೆ ಕಡಿಮೆ.

ದೊಡ್ಡ ಭರಣಿಯ ಬದಲು ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯುವುದು ಒಳ್ಳೆಯದು. ಕುದಿಯುವ ಸಾರಿನ ಮೇಲೆ ಬಾಟಲಿ ಹಿಡಿದು ಉದುರಿಸಬಾರದು, ಆವಿ ಒಳಗೆ ಹೋಗುತ್ತದೆ. ಆಗರದ ಉಪ್ಪಿಗೆ ಅಯೋಡಿನ್ ಬೆರೆಸಿರುವುದಿಲ್ಲ. ಹಾಗಾಗಿ ದಿನದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಇದನ್ನು ಮೇಲುರುಚಿಗೆ ಇಟ್ಟುಕೊಳ್ಳಬೇಕು. ಇದನ್ನು ಹಾಕುವ ಮಜ್ಜಿಗೆಗೆ ಬೇರೆ ಉಪ್ಪು ಬೇಕಾಗಿಲ್ಲ. ಒಂದು ಲೋಟಕ್ಕೆ ಕಾಲು ಚಮಚಕ್ಕಿಂತ ಕಡಿಮೆಯೇ ಸಾಕು.