ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರವನ್ನೂ ಪ್ರಯಾಣದ ಅವಧಿಯನ್ನೂ ಲೆಕ್ಕ ಹಾಕುವ ಬಗೆ

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಈ ಎರಡು ಊರುಗಳ ನಡುವಿನ ದೂರವನ್ನು ಅಳೆದರೆ ಲೆಕ್ಕ ಆರಂಭದಲ್ಲೇ ತಪ್ಪುತ್ತದೆ. ಅಳೆಯಬೇಕಾದುದು ಗೋಳದ ಮೇಲೆ. ಮಕ್ಕಳ ಓದಿಗೆಂದು ತಂದ ಗ್ಲೋಬ್ ಮನೆಯಲ್ಲಿದ್ದರೆ, ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಎಳೆದು ಬಿಗಿ ಮಾಡಿರಿ. ದಾರವು ಉತ್ತರಕ್ಕೆ ಜಾರಿ, ನೇಪಾಳ, ಟಿಬೆಟ್, ಸೈಬೀರಿಯಾಗಳನ್ನು ದಾಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಅದೇ ಅತ್ಯಂತ ಹತ್ತಿರದ ದಾರಿ.

ಅಂಕಿಗಳಲ್ಲಿ ಬೇಕೆಂದರೆ ಅಕ್ಷಾಂಶ, ರೇಖಾಂಶಗಳನ್ನು ಹಿಡಿಯಬೇಕು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವು ಉತ್ತರ 13.20, ಪೂರ್ವ 77.71 ಡಿಗ್ರಿಯಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವು ಉತ್ತರ 37.62, ಪಶ್ಚಿಮ 122.38ರಲ್ಲಿದೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಬೇಕು; ಮೊತ್ತ 200.09, ಅಂದರೆ 180ಕ್ಕಿಂತ ಹೆಚ್ಚು, ಆದ್ದರಿಂದ 360ರಿಂದ ಕಳೆದು 159.91 ಎಂದು ಇಟ್ಟುಕೊಳ್ಳಬೇಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಪರಸ್ಪರ ಗುಣಿಸಿ, ಅದಕ್ಕೆ ಅವೆರಡರ ಕೊಸೈನ್‌ಗಳನ್ನೂ 159.91ರ ಕೊಸೈನನ್ನೂ ಗುಣಿಸಿ ಬಂದದ್ದನ್ನು ಕೂಡಿದರೆ −0.585 ಬರುತ್ತದೆ. ಇದು 125.8 ಡಿಗ್ರಿಯ ಕೊಸೈನ್; ಅಂದರೆ ಗೋಳದ ಮೇಲೆ ಎರಡು ಊರುಗಳ ನಡುವೆ ಅಷ್ಟು ಡಿಗ್ರಿಯ ಅಂತರ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಆಗುವುದರಿಂದ ದೂರ ಸುಮಾರು 13,990 ಕಿ.ಮೀ. ಆಯಿತು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು, ರನ್‌ವೇವರೆಗೆ ಉರುಳಲು ಅರ್ಧ ಗಂಟೆ ಸೇರಿಸಿದರೆ ಹದಿನಾರು. ಆದರೆ ಇದು ಕಾಗದದ ಲೆಕ್ಕ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಚಳಿಗಾಲದಲ್ಲಿ ಬಲಗೊಳ್ಳುತ್ತದೆ. ಅದನ್ನು ಬೆನ್ನಿಗೆ ಪಡೆಯಲು ಅಥವಾ ಎದುರಿಸದೆ ತಪ್ಪಿಸಿಕೊಳ್ಳಲು ವಿಮಾನವು ದಾರದ ಹಾದಿಯನ್ನು ಬಿಟ್ಟು ಸುತ್ತುವುದುಂಟು. ಅಮೆರಿಕದ ವಿಮಾನಗಳಿಗಂತೂ 2022ರಿಂದ ರಷ್ಯಾದ ಆಕಾಶವೇ ಮುಚ್ಚಿದೆ.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಾಗ, ವೇಳಾಪಟ್ಟಿಯಂತೆ ಅದು ಅಲ್ಲಿನ ಗಡಿಯಾರದಲ್ಲಿ 9ರ ಶನಿವಾರ ರಾತ್ರಿ 8:30ಕ್ಕೆ ಹೊರಟು, ಇಲ್ಲಿನ ಗಡಿಯಾರದಲ್ಲಿ 11ರ ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯಬೇಕಿತ್ತು. ನೋಡಿದರೆ ಎರಡು ದಿನದ ಪ್ರಯಾಣದಂತಿದೆ. ಹೊರಡುವ ವೇಳೆಯನ್ನು ನಮ್ಮ ಸಮಯಕ್ಕೆ ತನ್ನಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಅಂದರೆ ಹನ್ನೆರಡು ಗಂಟೆ ಮತ್ತು ಮೇಲೆ ಒಂದೂವರೆ: ರಾತ್ರಿಯನ್ನು ಮರುದಿನದ ಹಗಲೆಂದು ತಿರುಗಿಸಿ, ಒಂದೂವರೆ ಗಂಟೆ ಕೂಡಿಸಿದರೆ ಭಾನುವಾರ ಬೆಳಿಗ್ಗೆ 10 ಗಂಟೆ, ಅಲ್ಲಿಂದ 3:45ರವರೆಗೆ 17 ಗಂಟೆ 45 ನಿಮಿಷ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಆಗ ಅರ್ಧ ಗಂಟೆಯನ್ನಷ್ಟೇ ಕೂಡಿಸಬೇಕು. ಟಿಕೆಟ್ಟಿನಲ್ಲಿ ಇಳಿಯುವ ವೇಳೆಯ ಪಕ್ಕದಲ್ಲಿ ಸಣ್ಣದಾಗಿ ಮುದ್ರಿಸಿರುವ +2 (ಹೊರಟ ದಿನಾಂಕದಿಂದ ಎರಡು ದಿನ ಮುಂದೆ) ಎಂಬುದನ್ನೂ ಗಮನಿಸಿರಿ: ಸೋಮವಾರ ಇಳಿಯುವ ಇಂಥ ವಿಮಾನಕ್ಕೆ ಕರೆತರಲು ಹೋಗುವವರು ಭಾನುವಾರ ರಾತ್ರಿಯೇ ಮನೆ ಬಿಟ್ಟಿರಬೇಕು.