ವೂಸ್ಟರ್‌ನಲ್ಲಿ ಮಗಳಿಗಾಗಿ ಮನೆ ಹುಡುಕಿದ ಬಗೆ

ಬೆಂಗಳೂರಿನಲ್ಲಿ ಒಂಟಿಯಾಗಿದ್ದ ದಿನಗಳಲ್ಲಿ ಬಾಡಿಗೆ ಮನೆಗಾಗಿ ಅಲೆಯುವಾಗ ಗೇಟಿಗೆ ತೂಗುಹಾಕಿದ 'ಫ್ಯಾಮಿಲಿಗೆ ಮಾತ್ರ' ಎಂಬ ಹಲಗೆಯನ್ನು ಎಷ್ಟು ಸಲ ಓದಿ ಹಿಂದಿರುಗಿದ್ದೆನೋ ಲೆಕ್ಕವಿಲ್ಲ. ಮದುವೆಯಾಗಿ ಮಗುವಾದ ಮೇಲೆ ಆ ಕಷ್ಟ ತೀರಿತೆಂದು ನಂಬಿದ್ದವನಿಗೆ, 2016ರ ಆಗಸ್ಟಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ ಅದರ ತಿರುವುಮುರುವು ಎದುರಾಯಿತು. ಆ ಊರಿನ ತುಂಬ ಇರುವ, ಒಂದರ ಮೇಲೊಂದು ಮೂರು ಮನೆಗಳಿರುವ ಹಳೆಯ ಮರದ ಕಟ್ಟಡವೊಂದರ ನೆಲಮಹಡಿ ಖಾಲಿಯಿದೆಯೆಂದು ತಿಳಿದು ಫೋನ್ ಮಾಡಿದೆ. ಬೇರೆ ಊರಿನಲ್ಲಿದ್ದ ಮಾಲೀಕರು ಬಾಡಿಗೆಯ ಮಾತೆಲ್ಲ ಮುಗಿಸಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ನಾನು, ನನ್ನ ಪತ್ನಿ ಮತ್ತು ನಾಲ್ಕು ವರ್ಷದ ಮಗಳು ಎಂದೆ. "ಹಾಗಾದರೆ ಬೇಡ. ಇದು ಹಳೆಯ ಮನೆ, ಗೋಡೆಗೆ ಸೀಸದ ಬಣ್ಣವಿದೆ, ಆರು ವರ್ಷದೊಳಗಿನ ಮಕ್ಕಳಿಗೆ ಒಳ್ಳೆಯದಲ್ಲ" ಎಂದು ಬಹಳ ಸೌಜನ್ಯದಿಂದ ಹೇಳಿ ಫೋನ್ ಇಟ್ಟರು. ಮಗುವಿನ ಆರೋಗ್ಯದ ಬಗ್ಗೆ ಅವರಿಗಿದ್ದ ಕಾಳಜಿಗೆ ನಾನು ಧನ್ಯವಾದವನ್ನೂ ಹೇಳಿದ್ದೆ.

ಆ ಧನ್ಯವಾದ ಎಷ್ಟು ಅನಗತ್ಯವಾಗಿತ್ತೆಂದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು. 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ ಆರು ವರ್ಷದೊಳಗಿನ ಮಗು ವಾಸವಾಗಿದ್ದರೆ, ಅಲ್ಲಿನ ಸೀಸದ ಅಪಾಯವನ್ನು ನಿವಾರಿಸುವುದು ಮ್ಯಾಸಚೂಸೆಟ್ಸ್ ಕಾನೂನಿನ ಪ್ರಕಾರ ಮಾಲೀಕರ ಹೊಣೆ. ಆ ಖರ್ಚನ್ನು ತಪ್ಪಿಸಿಕೊಳ್ಳಲು ಮಕ್ಕಳಿರುವ ಕುಟುಂಬವನ್ನೇ ಹೊರಗಿಡುವುದು ತಾರತಮ್ಯವಾಗುತ್ತದೆ. ಮಗುವಿಗೆ ಒಳ್ಳೆಯದಲ್ಲ ಎಂಬುದು ನಿಜವಾದ ಮಾತೇ. ಆದರೆ ಅದರಿಂದ ಹುಟ್ಟುವ ಕರ್ತವ್ಯ ಗೋಡೆಯನ್ನು ಸರಿಪಡಿಸುವುದು, ಮಗುವನ್ನು ದೂರವಿಡುವುದಲ್ಲ.

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ; ಅವಳು ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಆದ್ದರಿಂದ ನಮ್ಮ ಮೇಲೆ ಎರಡು ಬಗೆಯ ಆಕ್ಷೇಪಗಳು ಬರಬಹುದಾಗಿತ್ತು, ಬಂದವು ಕೂಡ. ಅಮೆರಿಕದ ನ್ಯಾಯೋಚಿತ ವಸತಿ ಕಾನೂನು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು ಜಾರಿಯಾದಾಗ ಅದರಲ್ಲಿ ಜನಾಂಗ, ಬಣ್ಣ, ಧರ್ಮ ಮತ್ತು ರಾಷ್ಟ್ರೀಯ ಮೂಲಗಳ ಹೆಸರು ಮಾತ್ರ ಇದ್ದವು. 1974ರಲ್ಲಿ ಲಿಂಗ ಸೇರಿತು. ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಎಂಬ ಎರಡು ಕಾರಣಗಳು ಸೇರಿದ್ದು 1988ರ ಒಂದೇ ತಿದ್ದುಪಡಿಯಲ್ಲಿ. ಹದಿನೆಂಟು ವರ್ಷದೊಳಗಿನ ಮಕ್ಕಳು ಜೊತೆಗಿರುವವರು ಮಾತ್ರವಲ್ಲದೆ ಗರ್ಭಿಣಿಯರೂ ಈ ರಕ್ಷಣೆಯೊಳಗೆ ಬರುತ್ತಾರೆ. ಹಿರಿಯರಿಗೆಂದೇ ನಿಯಮಬದ್ಧವಾಗಿ ಮೀಸಲಾದ ವಸತಿಗಳಿಗೆ ಇದರಿಂದ ವಿನಾಯಿತಿಯಿದೆ. ಒಂದೇ ತಿದ್ದುಪಡಿಯಲ್ಲಿ ಬಂದರೂ ಈ ಎರಡು ರಕ್ಷಣೆಗಳು ಕೆಲಸ ಮಾಡುವ ಬಗೆ ಒಂದೇ ಅಲ್ಲ. ಮಕ್ಕಳ ವಿಷಯದಲ್ಲಿ ಕಾನೂನು ಕೇಳುವುದು ನಮ್ಮನ್ನು ಬೇರೆಯವರಂತೆಯೇ ನೋಡಬೇಕೆಂದು. ಅಂಗವೈಕಲ್ಯದ ವಿಷಯದಲ್ಲಿ ಕೇಳುವುದು, ಅಗತ್ಯವಿದ್ದಲ್ಲಿ ಬೇರೆಯವರಂತೆ ನೋಡಬಾರದೆಂದು. ಇದು ನನಗೆ ಅರ್ಥವಾಗದೆ ಇದ್ದುದರಿಂದಲೇ ಮುಂದಿನ ಮನೆಯಲ್ಲಿ ಮೂರು ತಿಂಗಳು ವ್ಯರ್ಥವಾದವು.

ಆ ಮುಂದಿನ ಮನೆ 1970ರ ದಶಕದಲ್ಲಿ ಕಟ್ಟಿದ, ನೂರಕ್ಕೂ ಹೆಚ್ಚು ಮನೆಗಳಿದ್ದ ಸಮುಚ್ಚಯದ ನೆಲಮಹಡಿಯಲ್ಲಿತ್ತು. ನವೆಂಬರಿನಲ್ಲಿ ಬಂದು ಸೇರಿದೆವು. ಕಟ್ಟಡದ ಮುಂಬಾಗಿಲಿಗೆ ಎರಡು ಮೆಟ್ಟಿಲು, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಕಾರು ನಿಲ್ಲಿಸಲು ಜಾಗ ಸಿಗುವುದು ಒಮ್ಮೊಮ್ಮೆ ಅಂಗಳದ ಆ ತುದಿಯಲ್ಲಿ. ಹಿಮ ಬೀಳತೊಡಗಿದ ಮೇಲೆ ಮಗಳನ್ನು ಒಂದು ತೋಳಿನಲ್ಲೂ ಕುರ್ಚಿಯನ್ನು ಇನ್ನೊಂದು ತೋಳಿನಲ್ಲೂ ಹಿಡಿದು ಮಂಜುಗಡ್ಡೆಯ ಮೇಲೆ ನಡೆಯುವುದು ನಿತ್ಯದ ಕೆಲಸವಾಯಿತು. ನನ್ನ ಪತ್ನಿ ಒಮ್ಮೆ ಜಾರಿ ಬಿದ್ದಳು. ಮಗುವಿಗೆ ಏನೂ ಆಗಲಿಲ್ಲ, ಅವಳ ಮಣಿಕಟ್ಟು ಊದಿಕೊಂಡಿತು.

ಕಚೇರಿಗೆ ಹೋಗಿ, ಬಾಗಿಲ ಬಳಿ ನಮಗೊಂದು ನಿಲುಗಡೆ ಜಾಗ ಕೊಡಲು ಸಾಧ್ಯವೇ ಎಂದು ವ್ಯವಸ್ಥಾಪಕಿಯವರನ್ನು ಕೇಳಿದೆ. "ಇಲ್ಲಿ ಮೊದಲು ಬಂದವರಿಗೆ ಮೊದಲು. ನಾವು ಎಲ್ಲರಿಗೂ ಒಂದೇ ನಿಯಮ ಇಟ್ಟಿದ್ದೇವೆ, ನಿಮಗೊಬ್ಬರಿಗೆ ಬೇರೆ ಮಾಡಿದರೆ ಅನ್ಯಾಯವಾಗುತ್ತದೆ" ಎಂದರು. ಆ ಮಾತು ನನಗೆ ಸರಿಯೆನಿಸಿತು. ಸರತಿ ಸಾಲನ್ನು ದಾಟಿ ಹೋಗುವವರನ್ನು ಬೈದುಕೊಂಡು ಬೆಳೆದವನು ನಾನು. ಒಂದೇ ನಿಯಮ ಎಂದರೆ ನ್ಯಾಯ ಎಂದೇ ತಿಳಿದಿದ್ದೆ. ಊರಿನಿಂದ ಅಮ್ಮ ಫೋನಿನಲ್ಲಿ "ಪರದೇಶದಲ್ಲಿ ಯಾರ ಹತ್ತಿರವೂ ನಿಷ್ಠುರ ಬೇಡಪ್ಪ, ಇನ್ನೊಂದು ಮನೆ ನೋಡು" ಎಂದಳು. ನಾನಿದ್ದದ್ದು ಎಚ್1ಬಿ ವೀಸಾದಲ್ಲಿ. ದೂರು ಕೊಟ್ಟರೆ ಎಲ್ಲಿ ಏನಾಗುತ್ತದೋ ಎಂಬ ಅಳುಕೂ ಇತ್ತು. ಈ ಅಳುಕು ಅನೇಕರಿಗೆ ಇರುವುದನ್ನು ಕಂಡಿದ್ದೇನೆ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ: ಈ ಕಾನೂನಿನ ರಕ್ಷಣೆಗೆ ಪೌರತ್ವ ಬೇಕಿಲ್ಲ, ಮತ್ತು ಹಕ್ಕನ್ನು ಕೇಳಿದ್ದಕ್ಕಾಗಿ ಬಾಡಿಗೆದಾರರಿಗೆ ಕಿರುಕುಳ ಕೊಡುವುದು ತಾನೇ ಪ್ರತ್ಯೇಕ ಉಲ್ಲಂಘನೆಯಾಗುತ್ತದೆ.

ನನ್ನ ಅಭಿಪ್ರಾಯ ಬದಲಾದದ್ದು ಮಗಳ ಫಿಸಿಯೋಥೆರಪಿಸ್ಟ್ ಕೊಟ್ಟ ಕೆಲವು ಪುಟಗಳನ್ನು ಓದಿದ ರಾತ್ರಿ. ಕೇಂದ್ರ ವಸತಿ ಇಲಾಖೆಯಾದ ಹಡ್ ರೂಪಿಸಿದ ನಿಯಮಾವಳಿಯಲ್ಲಿಯೇ ಒಂದು ಉದಾಹರಣೆಯಿದೆ: 300 ಮನೆಗಳು, 450 ನಿಲುಗಡೆ ಜಾಗಗಳು, ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ, ಹೆಚ್ಚು ದೂರ ನಡೆಯಲಾರದ ವ್ಯಕ್ತಿಯೊಬ್ಬರು ತಮ್ಮ ಮನೆಯ ಹತ್ತಿರ ಒಂದು ಜಾಗವನ್ನು ಕಾಯ್ದಿರಿಸಬೇಕೆಂದು ಕೇಳುತ್ತಾರೆ, ಅದನ್ನು ನಿರಾಕರಿಸುವುದು ಕಾನೂನಿನ ಉಲ್ಲಂಘನೆ. ನನ್ನ ಅಂಗಳವನ್ನೇ ನೋಡಿ ಬರೆದಂತಿತ್ತು. ಎಲ್ಲರಿಗೂ ಒಂದೇ ನಿಯಮ ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ. ಆ ನಿಯಮವನ್ನು ಸಡಿಲಿಸಲು ಒಪ್ಪದಿರುವುದೇ ತಾರತಮ್ಯ ಎಂದು ಕಾನೂನು ಹೇಳುತ್ತದೆ.

ಅನಂತರ ನಾನು ಬಾಯಿಮಾತು ಬಿಟ್ಟು ಪತ್ರ ಬರೆದೆ. ಬೇಡಿಕೆಯನ್ನು ಬರಹದಲ್ಲಿಯೇ ಕೊಡಬೇಕೆಂದು ಕಾನೂನೇನೂ ಒತ್ತಾಯಿಸುವುದಿಲ್ಲ, ಆದರೆ ಬರಹವಿಲ್ಲದಿದ್ದರೆ ಮುಂದೆ ಸಾಕ್ಷಿಯಿರುವುದಿಲ್ಲ. ನಮ್ಮ ಅಗತ್ಯಗಳನ್ನು ಎರಡು ಭಾಗ ಮಾಡಿಕೊಂಡೆ. ಕಾರಿನ ಜಾಗ ಅವರ ನಿಯಮದಲ್ಲಿ ಆಗಬೇಕಾದ ಬದಲಾವಣೆ. ಮುಂಬಾಗಿಲಿನ ಇಳಿಜಾರು ಹಾಗೂ ಸ್ನಾನದ ಮನೆಯ ಹಿಡಿಗಂಬಿಗಳು ಕಟ್ಟಡದಲ್ಲಿ ಆಗಬೇಕಾದ ಬದಲಾವಣೆ. ಈ ಭೇದ ಮುಖ್ಯ, ಏಕೆಂದರೆ ಖರ್ಚು ಯಾರದು ಎಂಬುದು ಇದರ ಮೇಲೆ ನಿಂತಿದೆ. ಮಗಳ ಸ್ಥಿತಿಯನ್ನು ಒಂದೇ ವಾಕ್ಯದಲ್ಲಿ ಹೇಳಿ, ಪ್ರತಿಯೊಂದು ಬೇಡಿಕೆಗೂ ಆ ಸ್ಥಿತಿಗೂ ಇರುವ ಸಂಬಂಧವನ್ನು ಇನ್ನೊಂದು ವಾಕ್ಯದಲ್ಲಿ ವಿವರಿಸಿ, ಹತ್ತು ಕೆಲಸದ ದಿನಗಳೊಳಗೆ ಲಿಖಿತ ಉತ್ತರ ಬೇಕೆಂದು ಕೇಳಿದೆ. ಹತ್ತು ದಿನ ಎಂಬುದು ನಾನೇ ಇಟ್ಟ ಗಡುವು. ಆದರೆ ಸಕಾರಣವಿಲ್ಲದೆ ಉತ್ತರವನ್ನು ಎಳೆದಾಡುವುದನ್ನು ನಿರಾಕರಣೆಯೆಂದೇ ಪರಿಗಣಿಸಬಹುದು. 'ದಯವಿಟ್ಟು ಉಪಕಾರ ಮಾಡಿ' ಎಂಬ ಧಾಟಿಯ ಸಾಲೊಂದು ಮೊದಲ ಕರಡಿನ ಕೊನೆಯಲ್ಲಿತ್ತು. ನನ್ನ ಪತ್ನಿ ಅದನ್ನು ಹೊಡೆದುಹಾಕಿದಳು.

ಉತ್ತರದಲ್ಲಿ ಮೂರು ಮಾತುಗಳಿದ್ದವು. ಮಗಳ ಪೂರ್ತಿ ವೈದ್ಯಕೀಯ ದಾಖಲೆಗಳನ್ನು ಒಪ್ಪಿಸಬೇಕು. ಇಳಿಜಾರು ಮತ್ತು ಹಿಡಿಗಂಬಿಗಳ ಖರ್ಚನ್ನು ನಾವೇ ಭರಿಸಬೇಕು. ಜೊತೆಗೆ ಹೆಚ್ಚುವರಿ ಠೇವಣಿ ಇಡಬೇಕು. ಮೊದಲನೆಯದು ಅವರು ಕೇಳಬಾರದ ವಿಷಯ. ಅಂಗವೈಕಲ್ಯವೂ ಅದಕ್ಕೂ ಬೇಡಿಕೆಗೂ ಇರುವ ಸಂಬಂಧವೂ ಕಣ್ಣಿಗೆ ಕಾಣುವಂತಿದ್ದರೆ ಯಾವ ದಾಖಲೆಯನ್ನೂ ಕೇಳುವಂತಿಲ್ಲ. ಕಾಣದಿದ್ದರೂ ಅಗತ್ಯವನ್ನು ದೃಢಪಡಿಸುವ ಪತ್ರ ಸಾಕು, ರೋಗಚರಿತ್ರೆ ಬೇಕಿಲ್ಲ. ಗಾಲಿಕುರ್ಚಿ ಎಲ್ಲರಿಗೂ ಕಾಣುತ್ತಿತ್ತು, ಆದರೂ ವಾದ ಬೆಳೆಯದಿರಲೆಂದು ಮಕ್ಕಳ ವೈದ್ಯರಿಂದ ನಾಲ್ಕು ಸಾಲಿನ ಪತ್ರ ತಂದುಕೊಟ್ಟೆ.

ಎರಡನೆಯ ಮಾತಿನಲ್ಲಿ ನಾನು ಹೆಚ್ಚು ಕಡಿಮೆ ಸೋತುಬಿಟ್ಟಿದ್ದೆ, ಏಕೆಂದರೆ ಕೇಂದ್ರದ ಕಾನೂನಿನ ಪ್ರಕಾರ ಅವರು ಹೇಳಿದ್ದು ನಿಜ. ಖಾಸಗಿ ವಸತಿಯಲ್ಲಿ ಇಂತಹ ಮಾರ್ಪಾಡಿಗೆ ಮಾಲೀಕರು ಅನುಮತಿ ಕೊಡಲೇಬೇಕು, ಆದರೆ ಖರ್ಚು ಬಾಡಿಗೆದಾರರದು. ಸರ್ಕಾರದ ಹಣಕಾಸು ನೆರವು ಪಡೆದ ವಸತಿಗಳಿಗೆ ಬೇರೆ ಕಾನೂನು ಅನ್ವಯಿಸಿ ಹೊರೆ ಮಾಲೀಕರ ಮೇಲೆ ಬೀಳುತ್ತದೆ, ನಮ್ಮದು ಅಂಥದಲ್ಲ. 1991ರ ಮಾರ್ಚ್ 13ರ ನಂತರ ಮೊದಲ ಬಾರಿಗೆ ಜನ ವಾಸಕ್ಕೆ ಬಂದ, ನಾಲ್ಕು ಅಥವಾ ಹೆಚ್ಚು ಮನೆಗಳ ಕಟ್ಟಡಗಳನ್ನು ಗಾಲಿಕುರ್ಚಿ ಓಡಾಡುವಂತೆಯೇ ಕಟ್ಟಿರಬೇಕು. ನಮ್ಮ ಕಟ್ಟಡ ಅದಕ್ಕೂ ಹಳೆಯದು. ಎರಡು ಮೆಟ್ಟಿಲುಗಳ ಎತ್ತರ ಒಟ್ಟು 14 ಅಂಗುಲ. ಒಂದು ಅಂಗುಲ ಏರಿಕೆಗೆ ಹನ್ನೆರಡು ಅಂಗುಲ ಉದ್ದ ಎಂಬ ಲೆಕ್ಕದಲ್ಲಿ 14 ಅಡಿ ಉದ್ದದ ಇಳಿಜಾರು ಬೇಕಿತ್ತು. ಒಬ್ಬ ಬಡಗಿಯಿಂದ ಅಂದಾಜು ಪಟ್ಟಿ ತರಿಸಿ, ಉಳಿತಾಯದ ಖಾತೆಯನ್ನೂ ನೋಡಿಕೊಂಡಿದ್ದೆ.

ಚೆಕ್ ಬರೆಯುವ ಮೊದಲು, ಕಾರಿನ ಜಾಗದ ವಿಷಯ ಕೇಳಲೆಂದು ಫೆಬ್ರುವರಿಯಲ್ಲಿ ರಾಜ್ಯದ ತಾರತಮ್ಯ ವಿರೋಧಿ ಆಯೋಗದ ವೂಸ್ಟರ್ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸಮುಚ್ಚಯದಲ್ಲಿ ಎಷ್ಟು ಮನೆಗಳಿವೆಯೆಂದು ಕೇಳಿ, ಪುಸ್ತಕವೊಂದನ್ನು ತೆರೆದು ನನ್ನ ಕಡೆಗೆ ತಿರುಗಿಸಿದರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮನೆಗಳಿರುವ ವಸತಿಯಲ್ಲಿ, ಮಾಲೀಕರಿಗೆ ಅದು ಮಿತಿಮೀರಿದ ಹೊರೆಯಾಗದಿದ್ದರೆ, ಸಮಂಜಸವಾದ ಮಾರ್ಪಾಡಿನ ಖರ್ಚನ್ನು ಮಾಲೀಕರೇ ಭರಿಸಬೇಕೆಂದು ಮ್ಯಾಸಚೂಸೆಟ್ಸ್ ಕಾನೂನು ಹೇಳುತ್ತದೆ. ಕೇಂದ್ರದ ಕಾನೂನನ್ನು ಮಾತ್ರ ಓದಿ ನಿಂತವರು ಮೋಸಹೋಗುವುದು ಇಂಥಲ್ಲಿಯೇ. ರಾಜ್ಯದ ಕಾನೂನು ಅದಕ್ಕಿಂತ ಒಂದು ಹೆಜ್ಜೆ ಮುಂದಿರಬಹುದು. ಮಾರ್ಪಾಡಿಗಾಗಿ ಹೆಚ್ಚುವರಿ ಠೇವಣಿ ಕೇಳುವಂತೆಯೂ ಇರಲಿಲ್ಲ.

ಅಂಗವೈಕಲ್ಯ ಇರುವುದು ಮಗಳಿಗಾದರೂ ಅವಳೊಡನೆ ವಾಸಿಸುವ ನಾವೂ ದೂರುದಾರರಾಗಬಹುದು ಎಂದು ಅಧಿಕಾರಿ ವಿವರಿಸಿದರು. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನವೆಂಬರಿನಿಂದ ನಾನು ದಿನಾಂಕ, ಸಮಯ, ಯಾರು ಏನೆಂದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ದೂರಿನ ಹೆಚ್ಚಿನ ಭಾಗ ಅದರಿಂದಲೇ ಎತ್ತಿದ್ದು. ಹಿಮದಲ್ಲಿ ಬಿದ್ದ ದಿನದ ಟಿಪ್ಪಣಿಯನ್ನು ನನ್ನ ಪತ್ನಿ ತನ್ನ ಕೈಬರಹದಲ್ಲಿ ಸೇರಿಸಿದ್ದಳು. ದೂರಿನ ಪ್ರತಿ ತಲುಪಿ ಎರಡು ವಾರಗಳಲ್ಲಿ ಮಾಲೀಕ ಸಂಸ್ಥೆಯ ವಕೀಲರು ರಾಜಿಯ ಪ್ರಸ್ತಾಪ ಕಳುಹಿಸಿದರು. ನೀಲಿ ಫಲಕ ಹೊತ್ತ ನಿಲುಗಡೆ ಜಾಗ ಮಾರ್ಚಿನಲ್ಲಿ ಬಂತು, ಹಿಡಿಗಂಬಿಗಳು ಏಪ್ರಿಲ್‌ನಲ್ಲಿ. ನೆಲ ಪೂರ್ತಿ ಮೆದುವಾದ ಮೇಲೆ, ಜೂನ್ ಹೊತ್ತಿಗೆ, ಇಳಿಜಾರು ಸಿದ್ಧವಾಯಿತು. ಗೋಡೆಯೊಳಗೆ ಆಧಾರದ ಮರವಿಲ್ಲದೆ ಮೊದಲು ಕೂರಿಸಿದ ಒಂದು ಹಿಡಿಗಂಬಿ ಕೈಗೇ ಬಂದುದರಿಂದ ಅದನ್ನು ಮತ್ತೆ ಹಾಕಿಸಬೇಕಾಯಿತು. ಕೆಲಸ ಮುಗಿದ ದಿನವೇ ದೊಡ್ಡವರು ತಮ್ಮ ಭಾರ ಬಿಟ್ಟು ಎಳೆದು ನೋಡುವುದು ಒಳ್ಳೆಯದು.

ಜೂನ್ ಕೊನೆಯಲ್ಲಿ ಪ್ರಕರಣ ಮುಗಿಸುವ ಕಾಗದಕ್ಕೆ ಸಹಿ ಹಾಕಲು ಹೋದಾಗ, ಸೀಸದ ಬಣ್ಣದ ಮನೆಯ ಸಂಗತಿಯನ್ನು ಮಾತಿಗೆ ಹೇಳಿದೆ. ಅಧಿಕಾರಿ ಕ್ಯಾಲೆಂಡರ್ ನೋಡಿದರು. ರಾಜ್ಯದ ಆಯೋಗಕ್ಕೆ ದೂರು ಕೊಡಲು 300 ದಿನಗಳ ಗಡುವಿರುತ್ತದೆ, ಅದು ಆಗಲೇ ಕಳೆದಿತ್ತು. ಹಡ್‌ಗೆ ಕೊಡಲು ಒಂದು ವರ್ಷ, ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷ. ಮಾಲೀಕರು ತಾವೇ ಅಲ್ಲಿ ವಾಸಿಸುತ್ತಿದ್ದರೆ ಅಂತಹ ಚಿಕ್ಕ ಕಟ್ಟಡಕ್ಕೆ ಕೇಂದ್ರದ ಕಾನೂನಿನಲ್ಲಿ ವಿನಾಯಿತಿ ಸಿಗಬಹುದಾಗಿತ್ತು, ಆದರೆ ಅವರು ಅಲ್ಲಿರಲಿಲ್ಲ. ಆಗಸ್ಟ್ ಬರುವವರೆಗೆ ನನ್ನ ಬಳಿ ಸುಮಾರು ಐದು ವಾರಗಳಿದ್ದವು. ನಮೂನೆಯನ್ನು ಅರ್ಧ ತುಂಬಿ ಮೇಜಿನ ಮೇಲಿಟ್ಟೆ. ಇನ್ನೊಂದು ಜಗಳಕ್ಕೆ ನಮ್ಮಿಬ್ಬರಲ್ಲೂ ತ್ರಾಣವಿರಲಿಲ್ಲ, ಕೊನೆಗೂ ಕಳುಹಿಸಲಿಲ್ಲ. ಅದೇ ಮನೆಯ ಜಾಹೀರಾತು ಮುಂದಿನ ವರ್ಷವೂ ಒಮ್ಮೆ ಕಣ್ಣಿಗೆ ಬಿತ್ತು; 'ಕೆಲಸಕ್ಕೆ ಹೋಗುವ ದಂಪತಿಗಳಿಗೆ ಬಹಳ ಅನುಕೂಲ' ಎಂದು ಬರೆದಿದ್ದರು.