ಊರಿಂದ ಅವ್ವ ಬಂದಾಗ ಲಂಡನ್ ತೋರಿಸೋದು ಹೇಗೆ

ಕಳೆದ ಜೂನ್‌ನಲ್ಲಿ ಅವ್ವ ದಾವಣಗೆರೆಯಿಂದ ಲಂಡನ್ನಿಗೆ ಬಂದಿದ್ದಳು. ಐದು ವಾರ ಇದ್ದಳು. ವಯಸ್ಸು 67, ಎಡಗಾಲಿನ ಮಂಡಿ ನೋವು, ದಿನಾ ಬಿಪಿ ಮಾತ್ರೆ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ಅವಳು ಬಂದಿದ್ದು ಅದೇ ಮೊದಲು. ಏನೂ ಬಿಡದೆ ತೋರಿಸಬೇಕು ಅನ್ನೋ ಆಸೆ ನನಗೆ. ದಿನಕ್ಕೆ ಮೂರು ಜಾಗ ಅಂತ ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ.

ಮೂರನೇ ದಿನಕ್ಕೇ ಅದು ಮೂಲೆ ಸೇರಿತು. ಒಂದು ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ನಿನಲ್ಲಿ ಲಿಫ್ಟ್ ಇರಲಿಲ್ಲ, ನಾನು ಮೊದಲೇ ನೋಡಿಕೊಂಡಿರಲಿಲ್ಲ. ಅವ್ವ ಅರ್ಧ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತುಬಿಟ್ಟಳು. ಹಿಂದೆ ಜನವೋ ಜನ. "ಸಾಕಮ್ಮ, ಮನೆಗೆ ಹೋಗೋಣ" ಅಂದಳು. ರಾತ್ರಿ ಮಂಡಿಗೆ ಎಣ್ಣೆ ತಿಕ್ಕುವಾಗ ಕೇಳಿದೆ, ನಿಜವಾಗಿ ನಿನಗೆ ಏನು ನೋಡಬೇಕು ಅಂತ. "ಫೋನಿನಲ್ಲಿ 'ಬಸ್ಸಿಗೆ ಕಾಯ್ತಾ ಇದೀನಿ' ಅಂತೀಯಲ್ಲ, ಆ ಜಾಗ ತೋರಿಸು" ಅಂದಳು.

ಆಮೇಲಿನ ನಾಲ್ಕು ವಾರ ನಾವು ತಿರುಗಾಡಿದ್ದು ಈ ಮಾತನ್ನು ಇಟ್ಟುಕೊಂಡೇ. ನಿಮ್ಮ ಮನೆಗೂ ಅಪ್ಪ ಅಮ್ಮ ಬರುವವರಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಬರುವ ಮೊದಲಿನ ಕೆಲಸ ಬೇಗ ಹೇಳಿಬಿಡ್ತೀನಿ. ಇನ್ಶೂರೆನ್ಸ್ ಮಾಡಿಸದೆ ಯಾರನ್ನೂ ಕರೆಸಬೇಡಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಎಮರ್ಜೆನ್ಸಿ ವಿಭಾಗದಲ್ಲಿ ನೋಡೋದು ಉಚಿತ. ಆದರೆ ಅಡ್ಮಿಟ್ ಆದರೆ ಬಿಲ್ ಬರುತ್ತದೆ, ಅದು ಸಣ್ಣದಿರೋದಿಲ್ಲ. ಮಾತ್ರೆಗಳನ್ನು ಇರುವ ದಿನಕ್ಕಿಂತ ಹತ್ತು ದಿನ ಜಾಸ್ತಿ ತರಲಿ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಏರ್‌ಲೈನ್‌ಗೆ ಹೇಳಿ ವೀಲ್‌ಚೇರ್ ಮೊದಲೇ ಬುಕ್ ಮಾಡಿ. ನಡೆಯೋಕೆ ಬರುತ್ತದೆ ಅಂದರೂ ಮಾಡಿ. ಹೀಥ್ರೋದಲ್ಲಿ ನಡಿಗೆ ಉದ್ದ, ಇಮಿಗ್ರೇಷನ್ ಸಾಲು ಇನ್ನೂ ಉದ್ದ. ತುಪ್ಪ, ಪೇಡೆ, ಹಾಲಿನ ಸಿಹಿ ಬೇಡ ಅಂತ ಬಾಯಿಬಿಟ್ಟು ಹೇಳಿ. ಭಾರತದಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ತಂದರೆ ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಖಡಕ್ ರೊಟ್ಟಿ, ಮಂಡಕ್ಕಿ ತಂದಿದ್ದಳು. ಅದರ ಪುಣ್ಯದಿಂದ ಹೊರಗೆ ಹೋದಾಗ ಊಟದ ಚಿಂತೆ ಅರ್ಧ ಕಡಿಮೆಯಾಯಿತು.

ಮೊದಲ ವಾರ ಮನೆಯ ಸುತ್ತಮುತ್ತ ಬಿಟ್ಟು ಎಲ್ಲಿಗೂ ಹೋಗಬೇಡಿ. ಬಂದವರಿಗೆ ನಿದ್ದೆ ಸರಿಹೋಗಬೇಕು, ಚಳಿ ಹೊಂದಬೇಕು. ನಮ್ಮ ಮನೆ ಪೂರ್ವ ಲಂಡನ್ನಿನ ಇಲ್‌ಫರ್ಡ್‌ನಲ್ಲಿ. ಹತ್ತಿರದಲ್ಲೇ ವ್ಯಾಲೆಂಟೈನ್ಸ್ ಪಾರ್ಕ್ ಇದೆ. ದಿನಾ ಬೆಳಿಗ್ಗೆ ಒಂದೇ ದಾರಿಯಲ್ಲಿ ಕರಕೊಂಡು ಹೋದೆ. ನಾಲ್ಕನೇ ದಿನ "ನೀನು ಹಿಂದೆ ಬಾ, ನಾನೇ ಹೋಗ್ತೀನಿ" ಅಂದಳು. ಎಲ್ಲಿ ತಿರುಗಬೇಕು, ಯಾವ ಮನೆಯ ಮುಂದೆ ಗುಲಾಬಿ ಇದೆ, ಯಾವ ಸಿಗ್ನಲ್ಲಿನಲ್ಲಿ ಬಟನ್ ಒತ್ತಬೇಕು, ಎಲ್ಲ ಗೊತ್ತಾಗಿತ್ತು. ಎರಡನೇ ವಾರ ಒಬ್ಬಳೇ ಹೋಗಿ ಬಂದಳು. ಪಾರ್ಕಿನ ಬೆಂಚಿನ ಮೇಲೆ ಒಬ್ಬರು ಪಂಜಾಬಿ ಅಜ್ಜಿ ಗೆಳತಿಯಾಗಿದ್ದರು. ಅವ್ವನಿಗೆ ಹಿಂದಿ ಬರೋದಿಲ್ಲ, ಆ ಅಜ್ಜಿಗೆ ಕನ್ನಡ ಬರೋದಿಲ್ಲ. ದಿನಾ ಅರ್ಧ ತಾಸು ಮಾತಾಡುತ್ತಿದ್ದರು. ನನಗೆ ಇಷ್ಟು ವರ್ಷದಲ್ಲಿ ಆ ಪಾರ್ಕಿನಲ್ಲಿ ಒಬ್ಬರ ಪರಿಚಯವೂ ಆಗಿರಲಿಲ್ಲ.

ಜೂನ್‌ನಲ್ಲಿ ಕರೆಸಿದರೆ ಇನ್ನೊಂದು ವಿಷಯ ಮೊದಲೇ ಹೇಳಿಡಿ. ಇಲ್ಲಿ ಹೊತ್ತು ಮುಳುಗೋದು ರಾತ್ರಿ ಒಂಬತ್ತು ಗಂಟೆಯ ಮೇಲೆ. ಮೊದಲ ಸಂಜೆ ಅವ್ವ ಬತ್ತಿ ಹೊಸೆದು, ಎಣ್ಣೆ ಹಾಕಿ, ಕಿಟಕಿ ಹತ್ತಿರ ಕೂತೇ ಇದ್ದಳು. ಏಳಾಯಿತು, ಎಂಟಾಯಿತು, ಬಿಸಿಲು ಹಾಗೇ ಇತ್ತು. ಬೆಳಕಿರುವಾಗ ದೀಪ ಹಚ್ಚೋದು ಹೇಗೆ ಅಂತ ಅವಳ ಸಂಕಟ. ಕಡೆಗೆ ಏಳು ಗಂಟೆ ಅಂತ ನಾವೇ ಗೊತ್ತುಮಾಡಿಕೊಂಡೆವು, ಮಲಗುವ ಕೋಣೆಗೆ ದಪ್ಪ ಪರದೆ ತಂದೆವು. ಹಾಗೆಯೇ ಊದುಬತ್ತಿ ಹಚ್ಚುವಾಗ, ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯೋದನ್ನು ಹೇಳಿಕೊಡಿ. ಸ್ಮೋಕ್ ಅಲಾರಂ ಒಮ್ಮೆ ಕೂಗಿತು ಅಂದರೆ ವಯಸ್ಸಾದವರು ನಿಜಕ್ಕೂ ಹೆದರುತ್ತಾರೆ.

ಇನ್ನು ಓಡಾಟ. ಅವರಿಗೆ ಅವರದೇ ಒಂದು ಆಯ್‌ಸ್ಟರ್ ಕಾರ್ಡ್ (ಬಸ್ಸು, ರೈಲಿನ ಚಾರ್ಜು ಕೊಡುವ ಕಾರ್ಡು) ಕೊಡಿ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳೋದಿಲ್ಲ, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗೋಕೂ ಆಗೋದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಕಾರ್ಡನ್ನು ತಾವೇ ಒತ್ತಿ ಹತ್ತಿದರೆ ಅವರಿಗೆ ಇದು ತಮ್ಮ ಊರು ಅನ್ನಿಸತೊಡಗುತ್ತದೆ. 2025ರಲ್ಲಿ ಬಸ್ ಚಾರ್ಜು 1.75 ಪೌಂಡ್ ಇತ್ತು. ಮೊದಲು ಹತ್ತಿದ ಹೊತ್ತಿನಿಂದ ಒಂದು ತಾಸಿನ ಒಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಹಣ ಹೋಗೋದಿಲ್ಲ. ಇದನ್ನು ಒಮ್ಮೆ ವಿವರಿಸಿ ಹೇಳಿ, ಪ್ರತಿ ಸಲ ರೂಪಾಯಿಗೆ ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳೋದು ತಪ್ಪುತ್ತದೆ.

ಟ್ಯೂಬಿಗಿಂತ ಬಸ್ಸೇ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೆಲದ ಕೆಳಗೆ ಹೋಗಿ ಬೇರೆ ಕಡೆ ಎದ್ದರೆ ಊರು ತುಂಡು ತುಂಡಾಗಿ ಕಾಣುತ್ತದೆ. ಬಸ್ಸಿನಲ್ಲಿ ಕೂತರೆ ಒಂದಕ್ಕೊಂದು ಹೊಂದಿಕೊಂಡು ಕಾಣುತ್ತದೆ. ನಮ್ಮ ಇಲ್‌ಫರ್ಡ್‌ನಿಂದ 25 ನಂಬರ್ ಬಸ್ ಹೊರಡುತ್ತದೆ. ಸ್ಟ್ರಾಟ್‌ಫರ್ಡ್, ಬೋ, ಮೈಲ್ ಎಂಡ್, ವೈಟ್‌ಚಾಪೆಲ್ ದಾಟಿ ಸೇಂಟ್ ಪಾಲ್ಸ್ ಚರ್ಚಿನ ಹತ್ತಿರದವರೆಗೂ ಹೋಗುತ್ತದೆ. ಅವ್ವ ಕೇಳಿದ 'ಆ ಜಾಗ' ಇದೇ ಬಸ್ಸಿನ ಸ್ಟಾಪು.

ಮಂಡಿ ನೋವಿರುವವರನ್ನು ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಡೆಕ್ಕಿಗೆ ಹತ್ತಿಸೋಕೆ ಒಂದು ಉಪಾಯ ಇದೆ. ಬಸ್ ಹೊರಡುವ ಮೊದಲ ಸ್ಟಾಪಿನಲ್ಲೇ ಹತ್ತಿ. ಬಸ್ ಸುಮ್ನೆ ನಿಂತಿರುತ್ತದೆ, ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಹತ್ತಬಹುದು. ನೀವು ಹಿಂದೆ ಇರಿ. ಇಳಿಯುವಾಗಲೂ ಕಡೇ ಸ್ಟಾಪಿನವರೆಗೆ ಹೋಗಿ, ಬಸ್ ನಿಂತ ಮೇಲೆ ಎದ್ದರೆ ಸಾಕು. ಆಗ ನೀವು ಮುಂದೆ ಇಳಿಯಿರಿ. ಚಲಿಸುವ ಬಸ್ಸಿನ ಮೆಟ್ಟಿಲ ಮೇಲೆ ಮಾತ್ರ ಅವರು ಇರಬಾರದು.

ಮೇಲಿನ ಮುಂದಿನ ಸೀಟಿನಲ್ಲಿ ಕೂತು ಅವ್ವ ಮೊದಲ ಸಲ ವೈಟ್‌ಚಾಪೆಲ್ ಸಂತೆ ನೋಡಿದಾಗ ಎದ್ದೇ ನಿಂತಳು. ರಸ್ತೆ ಬದಿಯಲ್ಲಿ ಹಾಗಲಕಾಯಿ, ಬೆಂಡೆಕಾಯಿ ರಾಶಿ, ನೇತುಹಾಕಿದ ಬಟ್ಟೆ, ಚೌಕಾಸಿ ಮಾಡುವ ಹೆಂಗಸರು. ಅಲ್ಲಿ ಬಾಂಗ್ಲಾದೇಶ ಮೂಲದವರು ಜಾಸ್ತಿ, ಸ್ಟೇಷನ್ನಿನ ಬೋರ್ಡು ಬಂಗಾಳಿಯಲ್ಲೂ ಇದೆ. "ಇದು ನಮ್ಮ ಸಂತೆ ಇದ್ದ ಹಾಗೇ ಇದೆ" ಅಂದಳು. ಹತ್ತು ನಿಮಿಷಕ್ಕೆಲ್ಲ ಅದೇ ಬಸ್ಸು ಗಾಜಿನ ಬ್ಯಾಂಕು ಕಟ್ಟಡಗಳ ನಡುವೆ ಹೊಕ್ಕಿತು.

ರೈಲು ಬೇಕೇ ಬೇಕು ಅಂದರೆ ಎಲಿಜಬೆತ್ ಲೈನ್ ಹಿಡಿಯಿರಿ. 2022ರಲ್ಲಿ ಶುರುವಾದ ಲೈನು, ಎಲ್ಲ ಸ್ಟೇಷನ್ನಿನಲ್ಲೂ ಮೆಟ್ಟಿಲಿಲ್ಲದೆ ಹೋಗಬಹುದು. ಜೂಬಿಲಿ ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗಿನ ಸ್ಟೇಷನ್ನುಗಳಲ್ಲೂ ಲಿಫ್ಟ್ ಇದೆ. ಮೆಟ್ಟಿಲಿಲ್ಲದ ಸ್ಟೇಷನ್ನುಗಳ ಮ್ಯಾಪ್ ಬೇರೆಯಾಗಿಯೇ ಸಿಗುತ್ತದೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಟಾಯ್ಲೆಟ್ಟಿನ ವಿಚಾರ ಅವರಾಗಿಯೇ ಬಾಯಿಬಿಡೋದಿಲ್ಲ, ನೀರು ಕುಡಿಯೋದನ್ನೇ ಬಿಡುತ್ತಾರೆ. ಹಾಗಾಗಿ ಎರಡು ತಾಸಿಗೊಮ್ಮೆ ನೀವೇ ಕರಕೊಂಡು ಹೋಗಿ. ವಾಟರ್ಲೂ, ಲಿವರ್‌ಪೂಲ್ ಸ್ಟ್ರೀಟ್‌ನಂಥ ದೊಡ್ಡ ರೈಲು ಸ್ಟೇಷನ್ನುಗಳಲ್ಲಿ ಉಚಿತ, ಮ್ಯೂಸಿಯಂಗಳಲ್ಲೂ ಉಚಿತ.

ಮ್ಯೂಸಿಯಂ ದಿನಕ್ಕೆ ಒಂದು, ಅದರಲ್ಲಿ ನೋಡುವ ವಸ್ತು ಎರಡೋ ಮೂರೋ. ಟಿಪ್ಪುವಿನ ಮರದ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದದ್ದು. ಹೊರಡುವ ಮೊದಲು ಅದು ಪ್ರದರ್ಶನದಲ್ಲಿದೆಯಾ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಅವ್ವನಿಗೆ ತೋರಿಸಲೇಬೇಕು ಅಂತ ನಾನು ಇಟ್ಟುಕೊಂಡಿದ್ದು ಬಸವಣ್ಣನ ಪ್ರತಿಮೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿದೆ. ಲಂಡನ್ನಿನ ಲ್ಯಾಂಬೆತ್ ಭಾಗದ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ದಾಟಿ, ಕೆಲವು ಮೆಟ್ಟಿಲು ಇಳಿದು ನದಿಯ ಪಕ್ಕ ಬಲಕ್ಕೆ ನಡೆಯುತ್ತಾ ಹೋಗಬೇಕು. ದಾರಿಯಲ್ಲಿ ಬೆಂಚುಗಳಿವೆ. ಸೇತುವೆ ಮೇಲೆ ಜೂನ್‌ನಲ್ಲೂ ಗಾಳಿ ಜೋರು, ತಲೆಗೆ ಸ್ಕಾರ್ಫ್ ಇರಲಿ.

ಆ ದಾರಿಯಲ್ಲಿ ಒಂದು ಗೋಡೆ ಇದೆ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರ ಮಾರ್ಚ್‌ನಿಂದ ಜನ ಕೈಯಾರೆ ಬರೆದ ಕೆಂಪು ಹೃದಯಗಳು, ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ, ಎರಡು ಲಕ್ಷಕ್ಕೂ ಹೆಚ್ಚು. ನಾನು ಅದನ್ನು ದಾಟಿ ಹೋಗೋ ಲೆಕ್ಕದಲ್ಲಿದ್ದೆ. ಅವ್ವ ನಿಂತಳು. "ಇವು ಯಾರ ಹೆಸರು?" ಹೇಳಿದೆ. ಸೋದರಮಾವ ಹೋಗಿದ್ದು ಆ ವರ್ಷದ ಮೇ ತಿಂಗಳಲ್ಲಿ. ಏಪ್ರಿಲ್ 23ರಿಂದ ಭಾರತ ಇಲ್ಲಿನ ರೆಡ್ ಲಿಸ್ಟಿನಲ್ಲಿ, ಅಂದರೆ ಓಡಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ದೇಶಗಳ ಪಟ್ಟಿಯಲ್ಲಿತ್ತು, ನನಗೆ ಬರೋಕೆ ಆಗಿರಲಿಲ್ಲ. ಮಣ್ಣಿಗೂ ಬರಲಿಲ್ಲ ಅನ್ನೋ ಮಾತು ನಮ್ಮಿಬ್ಬರ ನಡುವೆ ನಾಲ್ಕು ವರ್ಷ ಹಾಗೇ ಉಳಿದಿತ್ತು. ಅವ್ವ ಬಣ್ಣ ಮಾಸಿದ, ಹೆಸರಿಲ್ಲದ ಒಂದು ಹೃದಯದ ಮೇಲೆ ಅಂಗೈ ಇಟ್ಟಳು. ಬಳೆ ಗೋಡೆಗೆ ತಾಗಿ ಸಣ್ಣಗೆ ಸದ್ದಾಯಿತು. ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದಿದ್ದಳು.

ಅಲ್ಲಿ ಎಷ್ಟು ಹೊತ್ತು ಇದ್ದೆವೋ ನೋಡಲಿಲ್ಲ. ಅದಕ್ಕೇ ಹೇಳ್ತೀನಿ, ಒಂದು ದಿನಕ್ಕೆ ಒಂದೇ ಕಡೆ ಇಟ್ಟುಕೊಳ್ಳಿ. ಇನ್ನೊಂದು ಟಿಕೆಟ್ ಬುಕ್ ಆಗಿದ್ದರೆ ನಾನು ಅವಳನ್ನು "ನಡಿ ನಡಿ" ಅಂತ ಹೊರಡಿಸುತ್ತಿದ್ದೆ.

ಬಸವಣ್ಣನ ಮುಂದೆ ಅವ್ವ ಬೂಟು ಬಿಚ್ಚಿದಳು, ಸಾಕ್ಸನ್ನೂ ಬಿಚ್ಚಿದಳು. ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದಳು. ನದಿಯ ಆಚೆ ದಂಡೆಯಲ್ಲಿ ಪಾರ್ಲಿಮೆಂಟು. ಆಮೇಲೆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ರೊಟ್ಟಿ, ಚಟ್ನಿಪುಡಿ, ಮೊಸರು ತಿಂದೆವು.

ಕಡೆಯದು ಗ್ರೀನಿಚ್. ನದಿ ಕಡೆಯಿಂದ ಹೋದರೆ ಗುಡ್ಡ ಕಡಿದಾಗಿದೆ. ಬ್ಲ್ಯಾಕ್‌ಹೀತ್ ಕಡೆಯ ಗೇಟಿನಿಂದ ಪಾರ್ಕಿನೊಳಗೆ ಹೋದರೆ ನೆಲ ಸಮ, ಸುಖವಾಗಿ ನಡೆಯಬಹುದು. ವಾಪಸ್ಸೂ ಅದೇ ದಾರಿಯಲ್ಲಿ ಬನ್ನಿ, ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಅಲ್ಲಿನ ಅಬ್ಸರ್ವೇಟರಿಯ (ಖಗೋಳ ವೀಕ್ಷಣಾಲಯದ) ಗೇಟಿನ ಹೊರಗೆ, ಗೋಡೆಯಲ್ಲಿ, 1852ರ ಒಂದು ಗಡಿಯಾರ ಇದೆ. ಅದನ್ನು ನೋಡೋಕೆ ಟಿಕೆಟ್ ಬೇಡ. ಅದರಲ್ಲಿ 24 ಗಂಟೆಗಳ ಅಂಕಿ. ಮಧ್ಯಾಹ್ನ ಹನ್ನೆರಡಕ್ಕೆ ಚಿಕ್ಕ ಮುಳ್ಳು ಕೆಳಗೆ ಇರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ತಿರುಗಿಸಿದರೂ ಅದನ್ನು ತಿರುಗಿಸೋದಿಲ್ಲ, ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ.

ಅವ್ವ ಕೈಯಲ್ಲಿದ್ದ ಅಪ್ಪನ ಎಚ್‌ಎಂಟಿ ವಾಚನ್ನು ಇಲ್ಲಿನ ಟೈಮಿಗೆ ತಿರುಗಿಸಿರಲೇ ಇಲ್ಲ. ನನ್ನ ಫೋನಿನಲ್ಲಿ ಹನ್ನೆರಡು. ಗೋಡೆಯ ಗಡಿಯಾರದಲ್ಲಿ ಹನ್ನೊಂದು. ಅವಳ ವಾಚಿನಲ್ಲಿ ನಾಲ್ಕೂವರೆ. ಬೆರಳು ಮಡಚಿ ಎಣಿಸಿದಳು. ಐದೂವರೆ ತಾಸು. "ಊರಿನ ಟೈಮನ್ನು ಇಲ್ಲಿಂದಾನಾ ಅಳೆಯೋದು?" ಹೌದು ಅಂದೆ. ವಾಚನ್ನು ಗಡಿಯಾರದ ಪಕ್ಕ ಹಿಡಿದು ಫೋಟೋ ತೆಗೆಸಿಕೊಂಡಳು. ಅವಳೇ ಕೇಳಿ ತೆಗೆಸಿಕೊಂಡ ಫೋಟೋ ಅದೊಂದೇ.

ಹೊರಡುವ ಮೊದಲಿನ ಎರಡು ದಿನ ಖಾಲಿ ಬಿಡಿ. ಸೂಟ್‌ಕೇಸ್ ತೂಕ ಮಾಡೋದು, ಪಕ್ಕದ ಮನೆಯವರಿಗೆ ಹೇಳಿ ಬರೋದು ಇದ್ದೇ ಇರುತ್ತದೆ. ಒಂದು ಹೊತ್ತು ಮಾತ್ರ ಅವರಿಗೆ ಬಿಟ್ಟುಕೊಡಿ, ಎಲ್ಲಿಗೆ ಇನ್ನೊಮ್ಮೆ ಹೋಗಬೇಕು ಅಂತ ಕೇಳಿ. ಅವ್ವ 25 ನಂಬರ್ ಬಸ್ ಅಂದಳು. ಸ್ಟಾಪಿನಲ್ಲಿ ನಾನು ಫೋನಿನಲ್ಲಿ ಮಾತಾಡುತ್ತಾ ಹಿಂದೆ ಉಳಿದೆ. ಹತ್ತಿ ಮೇಲೆ ಹೋಗಿ ನೋಡಿದರೆ, ಅವ್ವ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ತನ್ನ ಸ್ಕಾರ್ಫ್ ಹಾಸಿ ನನಗೆ ಜಾಗ ಹಿಡಿದಿದ್ದಳು.